ಹೌದು, ಮುಟ್ಟಿದ್ದೇನೆ

ಹೋದ ತಿಂಗಳು ಬನಶಂಕರಿಯಲ್ಲಿ ಮೆಟ್ರೋ ಇಳಿದೆ. ಕತ್ರಿಗುಪ್ಪೆಗೆ ಮೀಟರ್ ಹಾಕಿ ಬರಲು ಯಾವ ಆಟೋದವನೂ ಒಪ್ಪಲಿಲ್ಲ, ಮೀಟರ್ ಇಲ್ಲದೆ ಹತ್ತಲು ನಾನೂ ಒಪ್ಪಲಿಲ್ಲ, ಕೊನೆಗೆ ನಡೆದೇ ಹೊರಟೆ. ಮಳೆ ಆಗಷ್ಟೇ ನಿಂತಿತ್ತು. ದಾರಿಯಲ್ಲಿದ್ದ ಮೈದಾನದಲ್ಲಿ ಯಾವುದೋ ಶಾಲೆಯವರು ಮರುದಿನದ ಕ್ರೀಡಾಕೂಟಕ್ಕೆ ಗೆರೆ ಎಳೆಯುತ್ತಿದ್ದರು. ಹಸಿ ಮಣ್ಣಿನ ಮೇಲೆ ಸುಣ್ಣದ ಪುಡಿ ಬಿದ್ದಾಗ ಮೂಗಿಗೆ ಚುರುಕ್ಕೆಂದು ಹತ್ತುವ ಒಂದು ವಾಸನೆ ಇದೆ. ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದು ಈಗ ನಿವೃತ್ತಳಾಗಿರುವ ನನಗೆ ಅದೇನೂ ಹೊಸದಲ್ಲ. ಆದರೆ ಅವತ್ತು ಆ ಮೂವತ್ತರಲ್ಲಿ ಇಪ್ಪತ್ತೊಂಬತ್ತನ್ನು ಪಕ್ಕಕ್ಕೆ ಸರಿಸಿ ಒಂದೇ ಒಂದು ವರ್ಷ ಎದುರಿಗೆ ಬಂದು ನಿಂತಿತು. ನಾಲ್ಕು ವರ್ಷದ ಹಿಂದಿನ ಮಳೆಗಾಲ. ಅದರ ಜೊತೆಗೆ ಸಿಟ್ಟೂ ಬಂತು. ಇನ್ನೂ ಆರಿಲ್ಲ ಆ ಸಿಟ್ಟು. ಆರಲಿ ಎಂಬ ಆಸೆಯೂ ನನಗಿಲ್ಲ.

ಆಗ ನಾನು ಕತ್ರಿಗುಪ್ಪೆ ಆಸುಪಾಸಿನ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿದ್ದೆ. ಇಸ್ತ್ರಿ ಗಾಡಿಯವರ, ಗಾರ್ಮೆಂಟ್ಸ್‌ಗೆ ಹೋಗುವವರ, ಅಪಾರ್ಟ್‌ಮೆಂಟಿನ ಗೇಟು ಕಾಯುವವರ ಮಕ್ಕಳು ಬರುತ್ತಿದ್ದ ಶಾಲೆ. ನನ್ನ ಆಟ ಖೋ-ಖೋ. ಸಿದ್ದಾಪುರದ ಗಲ್ಲಿಗಳಲ್ಲಿ ಆಡಿ ಬೆಳೆದು ಕಾಲೇಜಿನಲ್ಲಿ ತಂಡದ ನಾಯಕಿಯಾದವಳು. ಹುಡುಗಿಯರಿಗೂ ಅದನ್ನೇ ಕಲಿಸಿದ್ದೆ. ಕೂತವಳ ಬೆನ್ನಿಗೆ ಕೈ ತಾಗಿಸಿ ಖೋ ಅನ್ನಬೇಕು; ಕೈ ತಾಗುವ ತನಕ ಅವಳು ಏಳಬಾರದು. ಎದ್ದರೆ ಫೌಲ್. ಇದನ್ನು ನಾಲ್ಕು ವರ್ಷ ಎಷ್ಟು ತಿಕ್ಕಿ ತಿಕ್ಕಿ ಹೇಳಿದ್ದೆನೆಂದರೆ ಮಧ್ಯಾಹ್ನ ಊಟದ ಸಾಲಿನಲ್ಲಿ ಕೂತವರು ಕೂಡ ಯಾರಾದರೂ ಬೆನ್ನು ಮುಟ್ಟಿದರೆ ತಟ್ಟೆ ಬಿಟ್ಟು ಏಳುತ್ತಿದ್ದರು.

ಆದರೆ ಖೋ-ಖೋದಲ್ಲಿ ನಾವು ಪ್ರತಿ ವರ್ಷ ಮೊದಲ ಸುತ್ತಿಗೇ ಮನೆಗೆ. ಬೇರೆ ಶಾಲೆಗಳಲ್ಲಿ ಆಟಕ್ಕೆಂದೇ ತಯಾರಾದ ಹುಡುಗಿಯರಿದ್ದರು. ಆ ವರ್ಷ ಜೂನಿನಲ್ಲಿ ಕ್ರೀಡಾಕೂಟದ ಸುತ್ತೋಲೆ ನೋಡುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ನಮ್ಮ ಜಿಲ್ಲೆಯಲ್ಲಿ ಹುಡುಗಿಯರ ಸಾಫ್ಟ್‌ಬಾಲಿಗೆ ತಂಡಗಳೇ ಇಲ್ಲ, ಬೆರಳೆಣಿಕೆಯಷ್ಟು. ಎರಡು ಪಂದ್ಯ ಗೆದ್ದರೆ ಫೈನಲ್, ಫೈನಲ್ ಗೆದ್ದರೆ ವಿಭಾಗ ಮಟ್ಟ. ಕ್ರೀಡೆಯ ಮೇಲಿನ ಶುದ್ಧ ಪ್ರೇಮದಿಂದ ಆರಿಸಿಕೊಂಡೆ ಎಂದು ಸುಳ್ಳು ಹೇಳುವುದಿಲ್ಲ. ಗೆಲ್ಲಬೇಕಿತ್ತು, ಅದಕ್ಕೆ ಆರಿಸಿಕೊಂಡೆ. ಜಯನಗರದ ಒಂದು ಕ್ಲಬ್ಬಿನವರು ಬಿಸಾಡಲು ಇಟ್ಟಿದ್ದ ಹಳೆ ಗ್ಲೌಸುಗಳನ್ನು ಮೂಟೆ ಕಟ್ಟಿ ತಂದೆ. ಬಿಚ್ಚಿ ನೋಡಿದರೆ ಮೂರು ಎಡಚರದ್ದು. ನಮ್ಮಲ್ಲಿ ಎಡಗೈಯವಳು ಒಬ್ಬಳೂ ಇರಲಿಲ್ಲ. ಮೂವರು ಅವನ್ನೇ ಅಡ್ಡಾದಿಡ್ಡಿ ಹಾಕಿಕೊಂಡು ಇಡೀ ಸೀಸನ್ ಆಡಿದರು, ಒಬ್ಬಳಂತೂ ಅದರಲ್ಲೇ ಸಖತ್ತಾಗಿ ಕ್ಯಾಚ್ ಹಿಡಿಯುತ್ತಿದ್ದಳು.

ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ. ಹೊಡೆದವಳು ನಾಲ್ಕು ಮೂಲೆ ಸುತ್ತಿ ಬರಬೇಕು: ಮೊದಲನೇ ಬೇಸ್, ಎರಡನೆಯದು, ಮೂರನೆಯದು, ಕೊನೆಗೆ ಹೊರಟ ಜಾಗಕ್ಕೇ ವಾಪಸು. ಆ ಕೊನೆಯ ಜಾಗಕ್ಕೆ ಹೋಮ್ ಎನ್ನುತ್ತಾರೆ. ಅಲ್ಲಿ ಮುಟ್ಟಿದರೆ ಒಂದು ರನ್. ನಡುವೆ ಚೆಂಡು ಹಿಡಿದವರ ಕೈಗೆ ಸಿಕ್ಕಿದರೆ ಔಟ್. ಮೊದಲನೇ ಬೇಸಿನ ಪಕ್ಕ, ಮೂರನೇ ಬೇಸಿನ ಪಕ್ಕ ಸುಣ್ಣದಲ್ಲಿ ಒಂದೊಂದು ಚೌಕ ಬರೆದಿರುತ್ತಾರೆ. ಅದು ಕೋಚ್ ನಿಲ್ಲುವ ಬಾಕ್ಸ್. ಓಡುವವಳಿಗೆ ಹಿಂದೆ ನೋಡಲು ಪುರುಸೊತ್ತಿರುವುದಿಲ್ಲ, ಅದಕ್ಕೇ ಕೋಚ್ ಅಲ್ಲಿ ನಿಂತು ಓಡು, ನಿಲ್ಲು, ಬೀಳು ಎಂದು ಕೂಗಬೇಕು. ನನ್ನದು ಮೂರನೇ ಬೇಸಿನ ಬಾಕ್ಸ್. ಚಾಪೆ ಹಾಸಿದರೆ ಇಬ್ಬರು ಮಲಗುವಷ್ಟು ಜಾಗ. ಇಷ್ಟು ವರ್ಷದ ನೌಕರಿಯಲ್ಲಿ ನನ್ನದು ಎನಿಸಿದ ಜಾಗ ಅದೊಂದೇ.

ಕ್ಲಬ್ಬಿನವರೇ ನಿಯಮಗಳ ಜೆರಾಕ್ಸ್ ಒಂದು ಕಟ್ಟು ಕೊಟ್ಟಿದ್ದರು. ಅದರಲ್ಲಿ ಕೋಚ್ ಬಗ್ಗೆಯೇ ಒಂದು ಪುಟ. ಬೇಸ್‌ಬಾಲಿನಲ್ಲೂ ಬಹುಮಟ್ಟಿಗೆ ಹಾಗೇ, ಸಾಫ್ಟ್‌ಬಾಲಿನಲ್ಲೂ ಹಾಗೇ. ಎಸೆದ ಚೆಂಡು ಗೊತ್ತಿಲ್ಲದೆ ಕೋಚ್‌ಗೆ ಬಡಿದರೆ ಆಟ ಮುಂದುವರಿಯುತ್ತದೆ, ನೋವು ಅವಳ ಪಾಲಿಗೆ. ಬೇಕೆಂದೇ ಅಡ್ಡ ಬಂದರೆ ಓಡುವವಳು ಔಟ್. ಎದುರಾಳಿಯನ್ನು ಯಾಮಾರಿಸಲು ಬಾಕ್ಸ್ ಬಿಟ್ಟು ಹೋಮ್ ಕಡೆಗೆ ಓಡಿದರೆ ಓಡುವವಳು ಔಟ್. ಓಡುವವಳನ್ನು ಮುಟ್ಟಿಯೋ ಹಿಡಿದೋ ಅವಳು ಮುಂದೆ ಹೋಗಲು ಅಥವಾ ಹಿಂದೆ ಬರಲು ನೆರವಾದರೆ, ಓಡುವವಳು ಔಟ್. ಎಲ್ಲದರಲ್ಲೂ ತಪ್ಪು ಕೋಚಿನದು, ಔಟಾಗುವುದು ಹುಡುಗಿ. ಇದೆಂಥ ನ್ಯಾಯ ಎಂದು ಸ್ಟಾಫ್ ರೂಮಿನಲ್ಲಿ ಆ ಪುಟ ಹಿಡಿದುಕೊಂಡು ನಾನು ಕೂಗಾಡಿದ್ದೂ ಉಂಟು. ಗಣಿತದ ಟೀಚರ್ ಕನ್ನಡಕ ತೆಗೆದು, "ಶಶಿ, ಶಾಲೆಯಲ್ಲಿ ಬೇರೆ ಯಾವ ವಿಷ್ಯದಲ್ಲಿ ಇದು ಹೀಗಿಲ್ಲ ಹೇಳು?" ಎಂದು ಕೇಳಿ ಮತ್ತೆ ಪೇಪರ್ ತಿದ್ದತೊಡಗಿದರು.

ಆ ಮಳೆಗಾಲ ಮಧ್ಯಾಹ್ನ ಮೂರಾದರೆ ಸಾಕು, ಮೋಡ ಕಟ್ಟುತ್ತಿತ್ತು. ಶಾಲೆ ಬಿಟ್ಟು ಮೈದಾನ ತಲುಪುವಷ್ಟರಲ್ಲಿ ಧೋ ಎಂದು ಸುರಿದು ನಿಂತಿರುತ್ತಿತ್ತು. ಪಕ್ಕದ ಮರಗೆಲಸದ ಅಂಗಡಿಯಿಂದ ಗರಗಸದ ಹೊಟ್ಟು ತಂದು ಚೆಲ್ಲಿ, ಅದರ ಮೇಲೆ ಓಡಿಸುತ್ತಿದ್ದೆ. ಮೈದಾನದ ಮುಕ್ಕಾಲು ಭಾಗ ಕ್ರಿಕೆಟ್ ಹುಡುಗರದ್ದು. ಅವರು, "ಆಂಟಿ, ಇದೇನ್ ಆಟ, ಲಗೋರಿನಾ?" ಎಂದು ಚುಡಾಯಿಸಿದರೆ, "ಹೌದು ಕಣಪ್ಪ, ಲಗೋರಿ. ನಿನ್ನ ತಲೇನೇ ಕಲ್ಲು, ಬಂದು ನಿಲ್ಲು" ಎನ್ನುತ್ತಿದ್ದೆ. ಎರಡು ವಾರ ಆದ ಮೇಲೆ ಅವರು ಕೇಳುವುದನ್ನು ಬಿಟ್ಟರು.

ತಂಡದಲ್ಲಿ ಹದಿನಾಲ್ಕು ಹುಡುಗಿಯರು. ಅವರಲ್ಲಿ ಇಬ್ಬರ ಹೆಸರು ಸಾಕು. ಪವಿತ್ರಾ ನಾಯಕಿ, ಹತ್ತನೇ ತರಗತಿ, ಅವಳಿಗೆ ಅದೇ ಕೊನೆಯ ವರ್ಷ. ಅವಳ ತಾಯಿ ಕತ್ರಿಗುಪ್ಪೆಯ ಒಂದು ಅಡ್ಡರಸ್ತೆಯಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದರು. ಪವಿ ಎಂದರೆ ಯಾರಿಗೂ ಹೆದರದವಳು ಎಂದು ಇಡೀ ಶಾಲೆಗೆ ಗೊತ್ತಿತ್ತು. ಇನ್ನೊಬ್ಬಳು ದಾನಮ್ಮ, ಒಂಬತ್ತನೇ ತರಗತಿ. ಬಾಗಲಕೋಟೆ ಕಡೆಯವರು, ಅಪ್ಪ ಬಿಟಿಎಂನ ಒಂದು ಆಫೀಸಿನಲ್ಲಿ ಸೆಕ್ಯೂರಿಟಿ. ಚೆಂಡು ಎಸೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ವಲಯ ಮಟ್ಟದ ಮೊದಲ ಪಂದ್ಯದಲ್ಲಿ ನಾನು ಆಟದ ಹುಮ್ಮಸ್ಸಿನಲ್ಲಿ ಬಾಕ್ಸ್ ಬಿಟ್ಟು ಪವಿ ಪಕ್ಕದಲ್ಲೇ ಹೋಮ್ ತನಕ ಓಡಿಬಿಟ್ಟೆ. ಅಂಪೈರ್ ವಯಸ್ಸಾದವರು, ನಿಧಾನದ ಮನುಷ್ಯ. ಆಟ ನಿಂತ ಮೇಲೆ ನನ್ನನ್ನು ಕರೆದು, "ಮೇಡಂ, ನೀವ್ ಎಷ್ಟ್ ಓಡಿದ್ರೂ ನಿಮಗೆ ರನ್ ಕೊಡೋಕಾಗಲ್ಲ. ನಿಮ್ ಓಟದಿಂದ ಎದುರಿನವ್ರು ಮೋಸ ಹೋಗಿದ್ರೆ ಮಗು ಔಟಾಗ್ತಿತ್ತು. ಬಾಕ್ಸಲ್ಲಿರಿ" ಎಂದರು. ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ. ಅವತ್ತು ಗೆದ್ದೆವು, ಮುಂದಿನದನ್ನೂ ಗೆದ್ದೆವು.

ಜಿಲ್ಲಾ ಫೈನಲ್ಲಿಗೆ ಎರಡು ದಿನ ಇರುವಾಗಲೇ ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ಒಂದು ಫ್ಲೆಕ್ಸ್ ಎದ್ದಿತು. "ವಿಭಾಗ ಮಟ್ಟಕ್ಕೆ ಆಯ್ಕೆಯಾದ ನಮ್ಮ ಹೆಮ್ಮೆಯ ಕ್ರೀಡಾಪಟುಗಳಿಗೆ ಅಭಿನಂದನೆಗಳು." ಹುಡುಗಿಯರ ಚಿತ್ರ ಅಂಚೆಚೀಟಿಯಷ್ಟು, ನಮ್ಮ ಆಡಳಿತ ಮಂಡಳಿಯ ಸೆಕ್ರೆಟರಿ ಸಾರ್ ಚಿತ್ರ ಬಾಗಿಲಿನಷ್ಟು. ಇನ್ನೂ ಆಡಿಲ್ಲವಲ್ಲ ಸಾರ್ ಎಂದರೆ, "ಪಾಸಿಟಿವ್ ಆಗಿರ್ಬೇಕು ಶಶಿಕಲಾ ಅವ್ರೇ" ಎಂದರು. ದಾಖಲಾತಿ ಕಡಿಮೆಯಾಗುತ್ತಿದ್ದ ಶಾಲೆ, ಅವರಿಗೆ ಒಂದು ಗೆಲುವು ಬೇಕಿತ್ತು. ಅದನ್ನು ತಪ್ಪು ಎನ್ನಲಾರೆ. ನನಗೂ ಬೇಕಿತ್ತು.

ಫೈನಲ್ ನಡೆದದ್ದು ಜೆ.ಪಿ. ನಗರದ ಒಂದು ಮೈದಾನದಲ್ಲಿ. ಎದುರಿಗೆ ಒಂದು ದೊಡ್ಡ ಖಾಸಗಿ ಶಾಲೆ, ಒಬ್ಬೊಬ್ಬರಿಗೂ ಹೊಸ ಗ್ಲೌಸ್, ಕಪ್ಪು ಕನ್ನಡಕದ ಕೋಚ್. ಬೆಳಗ್ಗೆಯಿಂದ ಜಿಟಿಜಿಟಿ. ಆಟ ಕೊನೆಯ ಸರದಿಗೆ ಬಂತು. ಎರಡೂ ಕಡೆ ಸಮ ರನ್. ಬ್ಯಾಟಿಂಗ್ ನಮ್ಮದು. ಇಬ್ಬರು ಔಟಾಗಿದ್ದಾರೆ, ಇನ್ನೊಬ್ಬಳು ಔಟಾದರೆ ನಮ್ಮ ಸರದಿ ಮುಗಿಯಿತು. ಒಂದು ರನ್ ಬಂದರೆ ನಾವು ಗೆದ್ದೆವು. ಪವಿ ಮೂರನೇ ಬೇಸಿನಲ್ಲಿ, ನನ್ನಿಂದ ಕೈ ಅಳತೆಯ ದೂರದಲ್ಲಿ ನಿಂತಿದ್ದಳು. ಬ್ಯಾಟ್ ದಾನಮ್ಮನ ಕೈಯಲ್ಲಿ.

ದಾನಮ್ಮ ಹೊಡೆದಳು. ಚೆಂಡು ಒದ್ದೆ ನೆಲದಲ್ಲಿ ಜಾರಿ ಮೊದಲನೇ ಬೇಸಿನ ಹುಡುಗಿಯ ಕಾಲ ಸಂದಿಯಲ್ಲಿ ಹಿಂದಕ್ಕೆ ಹೋಯಿತು. ನಾನು "ಓಡು ಪವಿ" ಎಂದು ಕಿರುಚಿದೆ. ಪವಿ ಎರಡು ಹೆಜ್ಜೆ ಇಟ್ಟವಳು ತಟ್ಟನೆ ನಿಂತು, ಹಿಂದೆ ಸರಿದು ಮತ್ತೆ ಬೇಸಿನ ಮೇಲೆ ಕಾಲಿಟ್ಟಳು. ಇನ್ನು ಒಂದು ಕ್ಷಣ ಹೋದರೆ ಎಲ್ಲ ಮುಗಿದಂತೆ. ನನ್ನ ಕೈ ಮೇಲೆದ್ದದ್ದು ನನಗೇ ಗೊತ್ತಾಗಲಿಲ್ಲ. ಚಿಕ್ಕಂದಿನಿಂದ ಖೋ ಕೊಟ್ಟ ಕೈ ಅದು. ಅಂಗೈ ಅವಳ ಬೆನ್ನಿನ ನಡುವೆ ಹೋಗಿ ಕೂತಿತು, ಬಾಯಿಂದ "ಖೋ" ಎಂದೇ ಬಂತು. ಪವಿ ಬಾಣದಂತೆ ಹೋದಳು. ಕೆಸರಿನಲ್ಲಿ ಜಾರಿ, ಹೋಮ್ ಕಾಯುತ್ತಾ ಅಡ್ಡ ನಿಂತಿದ್ದ ಕ್ಯಾಚರ್ ಹುಡುಗಿಯ ಕಾಲಡಿ ಕೈ ತೂರಿಸಿ ಹೋಮ್ ಮುಟ್ಟಿದಳು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯತೊಡಗಿದರು.

ಕಪ್ಪು ಕನ್ನಡಕದ ಕೋಚ್ ಓಡಿ ಬಂದರು. ಮೂರನೇ ಬೇಸಿನಲ್ಲಿ ಮೇಡಂ ರನ್ನರನ್ನು ಮುಟ್ಟಿದ್ದಾರೆ ಎಂದು ಆಕ್ಷೇಪ. ಅಂಪೈರ್ ಅದೇ ನಿಧಾನದ ಹಿರಿಯರು. ಅವರಾಗಲಿ, ಜೊತೆಗಿದ್ದ ಇನ್ನೊಬ್ಬರಾಗಲಿ ನೋಡಿರಲಿಲ್ಲ. ಇಬ್ಬರ ಕಣ್ಣೂ ಚೆಂಡಿನ ಮೇಲಿತ್ತು. ಅವರು ನನ್ನ ಬಳಿ ಬಂದು ಟೋಪಿ ತೆಗೆದು ಮಳೆ ನೀರು ಕೊಡವಿದರು.

"ಮೇಡಂ, ಮುಟ್ಟಿದ್ರಾ?"

ಹುಡುಗಿಯರ ಗಲಾಟೆ ನಿಂತಿತು. ಪವಿ ಮುಖದ ತುಂಬ ಕೆಸರು, ಕಣ್ಣು ಮಾತ್ರ ಕಾಣುತ್ತಿತ್ತು, ಅದು ನನ್ನನ್ನೇ ನೋಡುತ್ತಿತ್ತು. ಇಲ್ಲ ಎನ್ನುವುದು ಎಷ್ಟು ಸುಲಭವಿತ್ತೆಂದು ನನಗೆ ಇವತ್ತಿಗೂ ಗೊತ್ತು.

"ಹೌದು. ಮುಟ್ಟಿದ್ದೇನೆ. ನೂಕಿದ್ದೇನೆ."

ಅಂಪೈರ್ ತಲೆಯಾಡಿಸಿ, ಬಲಗೈ ಮುಷ್ಟಿ ಎತ್ತಿದರು. ಪವಿ ಔಟ್. ರನ್ ಇಲ್ಲ. ಆಟ ಮುಂದುವರಿಯಿತು. ಹೆಚ್ಚುವರಿ ಸರದಿಯಲ್ಲಿ ಅವರು ಒಂದು ರನ್ ಹೊಡೆದರು, ನಾವು ಹೊಡೆಯಲಿಲ್ಲ. ಅಷ್ಟೇ.

ವಾಪಸು ಬರುವ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ದಾನಮ್ಮ ಮಾತ್ರ ಎದುರಿಗೆ ಬಂದು ಕಂಬಿ ಹಿಡಿದು ನಿಂತು ಅಳುತ್ತಲೇ ಕೇಳಿದಳು. "ಯಾರೂ ನೋಡಿದ್ದಿಲ್ಲಲ್ರೀ ಮಿಸ್. ನೀವ್ಯಾಕ್ ಹೌದಂದ್ರಿ?"

"ಮುಟ್ಟಿದ್ನಲ್ಲ ದಾನಿ, ಅದಕ್ಕೆ."

"ನಮ್ಮನ್ನ ಕೇಳಬೇಕಾಗಿತ್ತಲ್ರೀ."

ಹದಿನಾಲ್ಕು ಹುಡುಗಿಯರ ಗೆಲುವನ್ನು ಒಬ್ಬಳೇ ಎರಡು ಮಾತಿನಲ್ಲಿ ಕೊಟ್ಟು ಬಂದಿದ್ದೆ. ಆದರೂ ಹೌದು ಎಂದದ್ದು ತಪ್ಪು ಎಂದು ಒಮ್ಮೆಯೂ ಅನಿಸಲಿಲ್ಲ. ನೂಕಿದ್ದು ತಪ್ಪು, ನೂಕಿದೆ ಎಂದದ್ದಲ್ಲ. ಇದನ್ನು ಆಮೇಲೆ ಎಷ್ಟು ಜನರಿಗೆ ಹೇಳಿದೆನೋ.

ಮರುದಿನ ಸೆಕ್ರೆಟರಿ ಸಾರ್ ಕರೆಸಿದರು. ಮೇಜಿನ ಮೇಲೆ ಒಂದು ಪತ್ರ ಟೈಪಾಗಿ ಸಿದ್ಧವಾಗಿತ್ತು. ಅವರ ಪರಿಚಯದ ವಕೀಲರೊಬ್ಬರು ನಿಯಮ ಓದಿ ಒಂದು ಸಂದು ಕಂಡುಹಿಡಿದಿದ್ದರು. ಮುಟ್ಟಿದರಷ್ಟೇ ಸಾಲದು, ಮುಟ್ಟಿ ನೆರವಾಗಬೇಕು. ಶಭಾಷ್ ಎಂದು ಬೆನ್ನು ತಟ್ಟುವುದು ನೆರವಲ್ಲ. ನಿಜವೇ. ನಿಯಮದಲ್ಲಿ ಹಾಗೇ ಇದೆ. ಪತ್ರದಲ್ಲಿ, ನಾನು ಮೆಚ್ಚುಗೆಯಿಂದ ಬೆನ್ನು ತಟ್ಟಿದೆನೆಂದೂ, ಅಷ್ಟರಲ್ಲಿ ವಿದ್ಯಾರ್ಥಿನಿ ಓಡಲು ಶುರುಮಾಡಿದ್ದಳೆಂದೂ, ಗಾಬರಿಯಲ್ಲಿ ಅಂಪೈರಿಗೆ ತಪ್ಪು ಉತ್ತರ ಕೊಟ್ಟೆನೆಂದೂ ಬರೆದಿತ್ತು. ನಾನು ಸಹಿ ಹಾಕಿದರೆ ಫೈನಲ್ ಮತ್ತೆ ಆಡಿಸುವ ಸಾಧ್ಯತೆ ಇತ್ತು.

"ಒಂದು ಸಹಿ ಶಶಿಕಲಾ ಅವ್ರೇ. ಮಕ್ಕಳ ಭವಿಷ್ಯ."

"ನಾನು ತಟ್ಟಿಲ್ಲ ಸಾರ್. ನೂಕಿದೆ."

"ಅದನ್ನ ಯಾರ್ ನೋಡಿದ್ದಾರೆ?"

"ನಾನ್ ನೋಡಿದೀನಿ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಸಹಿ ಹಾಕ್ದೇ ಇದ್ರೆ ಇನ್ಮೇಲೆ ಆ ಬಾಕ್ಸಲ್ಲಿ ನೀವ್ ನಿಲ್ಲಲ್ಲ. ಬೇರೆಯವ್ರನ್ನ ತರ್ತೀನಿ. ನೀವು ಮಕ್ಕಳಿಗೆ ನೀರು, ಊಟ ನೋಡ್ಕೊಳಿ." ಎದ್ದು ಬಂದೆ. ಕಾರಿಡಾರಿನಲ್ಲಿ ಜೋರಾಗಿ ನಡೆದೆ. ನೀರು, ಊಟವಂತೆ. ಆ ತಂಡವನ್ನು ಹರಿದ ಗ್ಲೌಸಿನಿಂದ ಕಟ್ಟಿದವಳಿಗೆ.

ಪವಿ ಒಂದು ವಾರ ಮೈದಾನಕ್ಕೆ ಬರಲಿಲ್ಲ. ಕೊನೆಗೆ ನಾನೇ ಅವಳ ತಾಯಿಯ ಗಾಡಿಯ ಹತ್ತಿರ ಹೋದೆ. ಅವರು ಕೆಂಡದ ಪೆಟ್ಟಿಗೆಯನ್ನು ಶರ್ಟಿನ ಮೇಲೆ ಆಡಿಸುತ್ತಾ, "ಏನ್ ಮಿಸ್, ಇಲ್ಲ ಅಂದ್ಬಿಟ್ಟಿದ್ರೆ ಆಗೋಗ್ತಿತ್ತಲ್ಲ. ನನ್ ಮಗಳು ಮೂರ್ ದಿನ ಸರ್ಯಾಗಿ ಊಟ ಮಾಡ್ಲಿಲ್ಲ" ಎಂದರು. ಅದರಲ್ಲಿ ಜಗಳವಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಪವಿ ಗಾಡಿಯ ಹಿಂದೆ ಕೂತು ಬಟ್ಟೆ ಮಡಿಚುತ್ತಿದ್ದಳು. ಒಂದು, ಎರಡು, ಮೂರು ಪ್ಯಾಂಟು ಮಡಿಚಿದಳು. ತಲೆ ಎತ್ತಲಿಲ್ಲ. ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ ಎಂದುಕೊಂಡೆ. ಅರ್ಥವಾಗಿರಲಿಲ್ಲ ಎಂದು ಗೊತ್ತಾದದ್ದು ಆಮೇಲೆ.

ಸಹಿ ಇಲ್ಲದೆಯೇ ಸೆಕ್ರೆಟರಿ ಸಾರ್ ಆಕ್ಷೇಪಣೆ ಸಲ್ಲಿಸಿದರು. ಕ್ರೀಡಾಕೂಟದ ಉಸ್ತುವಾರಿ ಅಧಿಕಾರಿ ಒಂದು ಮಧ್ಯಾಹ್ನ ಶಾಲೆಗೇ ಬಂದರು, ಜೊತೆಗೆ ಅದೇ ಅಂಪೈರ್. ಹೆಡ್‌ಮಿಸ್ ಕೋಣೆಯಲ್ಲಿ ಚಹಾ, ಬೋಂಡ. ನನ್ನನ್ನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. "ಮೇಡಂ ಭಾವುಕರಾಗಿ ಏನೋ ಹೇಳಿಬಿಟ್ಟಿದ್ದಾರೆ. ಆಡಿದ ಹುಡುಗೀನೇ ಕೇಳೋಣ" ಎಂದು ಸೆಕ್ರೆಟರಿ ಸಾರ್ ಪವಿಯನ್ನು ಕರೆಸಿದರು. ಅವಳು ನನ್ನ ಜೊತೆ ಮಾತು ಬಿಟ್ಟಿರುವುದು ಅವರಿಗೆ ಗೊತ್ತಿತ್ತು. ಏನು ಹೇಳಬೇಕೆಂದು ಹೇಳಿಕೊಟ್ಟಿದ್ದರು ಎನ್ನುವುದೂ ಅವರ ಧೈರ್ಯದಲ್ಲೇ ಕಾಣುತ್ತಿತ್ತು.

ಪವಿ ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಬಂದು ಮೇಜಿನ ಮುಂದೆ ನಿಂತಳು. ನನ್ನ ಕಡೆ ನೋಡಲಿಲ್ಲ.

"ಅವತ್ತು ಮಿಸ್ ನಿನ್ನ ಬೆನ್ನು ತಟ್ಟಿದ್ರು, ಅಲ್ವೇನಮ್ಮ?" ಎಂದು ಅಧಿಕಾರಿ ಕೇಳಿದರು.

"ಇಲ್ಲ ಸಾರ್. ನೂಕಿದ್ರು."

ಸೆಕ್ರೆಟರಿ ಸಾರ್ ಕುರ್ಚಿಯಲ್ಲಿ ಮುಂದೆ ಬಾಗಿದರು. "ಸರಿಯಾಗಿ ನೆನಪು ಮಾಡ್ಕೊಂಡು ಹೇಳಮ್ಮ. ನೀನು ಓಡೋಕೆ ಶುರು ಮಾಡಿದ್ಮೇಲೆ ತಾನೆ ಕೈ ತಾಗಿದ್ದು?"

"ನಾನ್ ಓಡ್ತಾನೇ ಇರ್ಲಿಲ್ಲ ಸಾರ್. ಕ್ಯಾಚರ್ ಹುಡುಗಿ ಅಡ್ಡ ನಿಂತಿದ್ಲು. ಭಯ ಆಯ್ತು. ಕಾಲೇ ಬರ್ಲಿಲ್ಲ. ಮಿಸ್ ನೂಕಿದ್ಮೇಲೇ ಓಡಿದ್ದು."

ಯಾರಿಗೂ ಹೆದರದವಳು ಎಂದು ಶಾಲೆಗೆಲ್ಲ ಹೆಸರಾಗಿದ್ದ ಹುಡುಗಿ, ಹೊರಗೆ ಕಿಟಕಿಯಲ್ಲಿ ಅರ್ಧ ತಂಡ ಕಿವಿಯಿಟ್ಟು ನಿಂತಿರುವಾಗ, ಭಯ ಆಯಿತು ಎಂದು ಹೇಳುತ್ತಿದ್ದಳು.

"ಅಷ್ಟು ಗಡಿಬಿಡೀಲಿ ನೂಕಿದ್ದೋ ತಟ್ಟಿದ್ದೋ, ನಿಂಗೆ ಹೇಗೆ ಗ್ಯಾರಂಟಿ?" ಎಂದರು ಸೆಕ್ರೆಟರಿ ಸಾರ್.

"ಬೆನ್ನು ನಂದು ಸಾರ್."

ಅಂಪೈರ್ ತಲೆ ತಗ್ಗಿಸಿ ಚಹಾದ ಲೋಟ ನೋಡುತ್ತಾ ಕೂತರು. ನಗುತ್ತಿದ್ದರು ಎಂದು ನನ್ನ ಗುಮಾನಿ. ಅಧಿಕಾರಿ ಫೈಲ್ ಮುಚ್ಚಿದರು. ನಾನು ಎದ್ದು ಪವಿಯ ಹಿಂದೆಯೇ ಹೊರಗೆ ಬಂದೆ. ಏನಾದರೂ ದೊಡ್ಡ ಮಾತು ಹೇಳಬೇಕೆಂದಿದ್ದೆ, ನನ್ನ ಪರವಾಗಿ ನಿಂತೆಯಲ್ಲ ಎಂದು. ಅವಳು ತಿರುಗಿ ನಿಂತು ನನ್ನ ಬಾಯಿ ಮುಚ್ಚಿಸಿದಳು.

"ನಿಮ್ ಮೇಲೆ ಸಿಟ್ಟು ಹೋಗಿಲ್ಲ ಮಿಸ್."

"ಗೊತ್ತು ಪವಿ. ನಾನು ಹೌದು ಅಂದಿದ್ದಕ್ಕೆ..."

"ಅದಕ್ಕಲ್ಲ. ನೂಕಿದ್ದಕ್ಕೆ. ಒಂದೇ ಸಲ ಓಡು ಅಂದ್ರಿ. ಇನ್ನೊಂದ್ಸಲ ಹೇಳಿದ್ರೆ ನಾನೇ ಓಡ್ತಿದ್ದೆ. ನೀವ್ ಕಾಯ್ಲಿಲ್ಲ."

ಆ ಸೀಸನ್ನಿನಲ್ಲಿ ನನಗೆ ಬಿದ್ದ ಪೆಟ್ಟುಗಳಲ್ಲಿ ಸರಿಯಾದ ಜಾಗಕ್ಕೆ ಬಿದ್ದದ್ದು ಅದೊಂದೇ. ಬಾಕ್ಸ್ ಕಿತ್ತುಕೊಂಡದ್ದು, ನೀರು, ಊಟ ಎಂದದ್ದು, ಬಸ್ಸಿನಲ್ಲಿ ಒಬ್ಬಳೇ ಕೂತದ್ದು, ಯಾವುದಕ್ಕೂ ನಾನು ಬಗ್ಗಿರಲಿಲ್ಲ. ಸತ್ಯ ಹೇಳಿದೆನೆಂಬ ಸೊಕ್ಕಿನಲ್ಲಿ ಎದೆಯುಬ್ಬಿಸಿಕೊಂಡೇ ಓಡಾಡಿದ್ದೆ. ಪವಿಯ ಮಾತಿಗೆ ಮಾತ್ರ ತಲೆ ತಗ್ಗಿಸಿದೆ. ನಿಯಮ ಬರೆದವರು ಯಾರೋ ಏನೋ, ಅವರಿಗೆ ಇದು ಗೊತ್ತಿತ್ತು ಅನಿಸಿತು. ಕಾಲು ಅವಳದ್ದು, ಭಯವೂ ಅವಳದ್ದು, ಹೊರಗಿನ ಕೈಗೆ ಅಲ್ಲಿ ಕೆಲಸವಿಲ್ಲ.

ಆಕ್ಷೇಪಣೆ ಬಿದ್ದುಹೋಯಿತು. ಸಿಗ್ನಲ್ಲಿನ ಫ್ಲೆಕ್ಸ್ ಮಾತ್ರ ಗಣೇಶನ ಹಬ್ಬ ಕಳೆಯುವ ತನಕ ನೇತಾಡುತ್ತಿತ್ತು. ಸೆಕ್ರೆಟರಿ ಸಾರ್ ತಮ್ಮ ಮಾತಿನಂತೆ ವಸಂತಪುರದ ಒಬ್ಬ ಕ್ರಿಕೆಟ್ ಕೋಚನ್ನು ಕರೆತಂದರು. ಮೋಹನ್ ಸಾರ್ ಒಳ್ಳೆಯ ಮನುಷ್ಯರೇ, ಆದರೆ ಸಾಫ್ಟ್‌ಬಾಲ್ ಎಂದರೆ ಮೆತ್ತಗಿನ ಚೆಂಡು ಎಂದುಕೊಂಡು ಬಂದಿದ್ದರು. ಮೊದಲ ದಿನ ಬರಿಗೈಯಲ್ಲಿ ಹಿಡಿಯಲು ಹೋಗಿ ಬೆರಳು ಊದಿಸಿಕೊಂಡರು. ನಾನು ದೂರದ ಕಲ್ಲುಬೆಂಚಿನಲ್ಲಿ ಕೂತು ಜೆರಾಕ್ಸ್ ಕಟ್ಟನ್ನು ಮೊದಲಿನಿಂದ ಕೊನೆಯ ತನಕ ಓದಿದೆ. ಎರಡು ಸಲ ಓದಿದೆ. ಎರಡನೇ ಸಲ ಒಂದು ಸಾಲು ಕಣ್ಣಿಗೆ ಬಿತ್ತು. ಬೇಸಿನ ಬಾಕ್ಸಿನಲ್ಲಿ ನಿಲ್ಲುವವರು ದೊಡ್ಡವರೇ ಆಗಬೇಕೆಂದಿಲ್ಲ. ಬ್ಯಾಟಿಂಗ್ ತಂಡದ ಆಟಗಾರ್ತಿಯೇ ಹೆಲ್ಮೆಟ್ ಹಾಕಿ ನಿಲ್ಲಬಹುದು. ಆ ಪುಟವನ್ನು ಮಡಿಚಿ ಪವಿಯ ಕೈಗೆ ಕೊಟ್ಟೆ.

ನವೆಂಬರಿನಲ್ಲಿ ಆ ಜಯನಗರದ ಕ್ಲಬ್ಬಿನವರೇ ಶಾಲೆಗಳಿಗೊಂದು ಸಣ್ಣ ಪಂದ್ಯಾವಳಿ ಇಟ್ಟರು. ಮಳೆ ಮುಗಿದು ಬೆಳಗಿನ ಚಳಿ ಶುರುವಾಗಿತ್ತು. ಸೆಕ್ರೆಟರಿ ಸಾರ್ ಶಾಮಿಯಾನದ ಕೆಳಗೆ ಮುಂದಿನ ಕುರ್ಚಿಯಲ್ಲಿ, ನಾನು ಸ್ಕೋರ್ ಬರೆಯುವ ಮೇಜಿನಲ್ಲಿ. ನಮ್ಮ ಬ್ಯಾಟಿಂಗ್ ಬಂದಾಗ ಮೋಹನ್ ಸಾರ್ ಟೋಪಿ ಸರಿಮಾಡಿಕೊಂಡು ಮೂರನೇ ಬೇಸಿನ ಕಡೆಗೆ ನಡೆದರು. ಅಲ್ಲಿ ಆಗಲೇ ಪವಿ ಹೆಲ್ಮೆಟ್ ಹಾಕಿ ನಿಂತಿದ್ದಳು.

"ಏನಮ್ಮ, ಇದು ಕೋಚ್ ಜಾಗ."

"ಗೊತ್ತು ಸಾರ್. ಒಂದು ಬಾಕ್ಸಿಗೆ ಒಬ್ರೇ. ನಾವೇ ನಿಲ್ತೀವಿ." ಮಡಿಚಿದ ಪುಟವನ್ನು ಅಂಪೈರಿಗೆ ಕೊಟ್ಟಳು. ಅವರು ಓದಿ, ಸರಿಯಿದೆ ಎಂದು ವಾಪಸು ಕೊಟ್ಟರು. ಸೆಕ್ರೆಟರಿ ಸಾರ್ ಎದ್ದು ನಿಂತು ನನ್ನ ಕಡೆ ನೋಡಿದರು. ನಾನು ಪೆನ್ಸಿಲ್ ಕೆತ್ತುತ್ತಿದ್ದೆ. ಮೋಹನ್ ಸಾರ್ ಮಾತ್ರ ಹಗುರಾಗಿ ನೆರಳಿಗೆ ಬಂದು ಕೂತರು. ಅವರ ಬೆರಳಿನ ಊತ ಇನ್ನೂ ಇಳಿದಿರಲಿಲ್ಲ.

ನಾಲ್ಕನೇ ಸರದಿಯಲ್ಲಿ ದಾನಮ್ಮ ಮೂರನೇ ಬೇಸಿಗೆ ಬಂದಳು. ಮುಂದಿನವಳು ಹೊಡೆದ ಚೆಂಡು ಹತ್ತಿರದಲ್ಲೇ ಪುಟಿದು ಬಿತ್ತು. "ದಾನಿ, ಓಡು!" ಎಂದು ಪವಿ ಕೂಗಿದಳು. ದಾನಮ್ಮ ಕಾಲು ಬೇಸಿಗೆ ಅಂಟಿಕೊಂಡಂತೆ ನಿಂತಳು. ಸ್ಕೋರ್ ಮೇಜಿನ ಕೆಳಗೆ ನನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೆ. ಅಷ್ಟು ದೂರದಿಂದ ಅದು ಏನೂ ಮಾಡುವಂತಿರಲಿಲ್ಲ, ಆದರೂ. ಪವಿ ಅವಳ ಪಕ್ಕದಲ್ಲೇ ನೆಲಕ್ಕೆ ಮಂಡಿಯೂರಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಕತ್ತಿನ ನರ ಉಬ್ಬುವಂತೆ ಇನ್ನೊಮ್ಮೆ ಕಿರುಚಿದಳು. "ಓಡೇ!"

ದಾನಮ್ಮ ಓಡಿದಳು. ಧೂಳೆಬ್ಬಿಸಿ ಜಾರಿದಳು. ಚೆಂಡು ಅವಳಿಗಿಂತ ಒಂದು ಗೇಣು ಮೊದಲು ಬಂತು. ಔಟ್.

ಶಾಮಿಯಾನದಿಂದ ಸೆಕ್ರೆಟರಿ ಸಾರ್ ದನಿ ಕೇಳಿಸಿತು. "ನೋಡಿದ್ರಾ, ದೊಡ್ಡವ್ರು ಇಲ್ದಿದ್ರೆ ಹೀಗೇ."

"ಔಟೇ ಸಾರ್" ಎಂದೆ, ಮೈದಾನದವರಿಗೆಲ್ಲ ಕೇಳುವಂತೆ. "ಆದ್ರೆ ಈ ಸಲ ಅವಳದ್ದೇ ಔಟ್, ಇನ್ಯಾರ್ದೂ ಅಲ್ಲ." ಸ್ಕೋರ್ ಪುಸ್ತಕದಲ್ಲಿ ಅದನ್ನು ಒತ್ತಿ ಬರೆದೆ.

ದಾನಮ್ಮ ಲಂಗೋಟಿ ಕಟ್ಟಿದ ಮಲ್ಲನಂತೆ ತೊಡೆ ತಟ್ಟಿ ಧೂಳು ಕೊಡವುತ್ತಾ ನನ್ನ ಮೇಜಿನ ಮುಂದೆ ಹಾದಳು. ಪವಿ ಓಡಿ ಬಂದು ಅವಳನ್ನು ಸೇರಿಕೊಂಡಳು. "ಎರಡನೇ ಸಲ ಕೂಗೋವರ್ಗೂ ಯಾಕೆ ನಿಂತಿದ್ದೆ? ಮೊದಲೇ ಓಡಿದ್ರೆ ಸೇಫ್ ಆಗ್ತಿದ್ದೆ. ನನ್ ಮಾತು ಕೇಳಿಸ್ಲಿಲ್ವಾ?"

ದಾನಮ್ಮ ನಿಂತು, ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ನಾಯಕಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಎರಡೂ ಸಲ ಕೇಳಿಸ್ತು. ನಿನ್ ಮಾತಿಗೆ ಓಡಿಲ್ಲ ನಾ. ಓಡಬೇಕನ್ನಿಸ್ತು, ಓಡಿದೆ."